ತೆಳು ಮಿಶ್ರಣ ದಹನ

ಪೆಟ್ರೋಲ್ ಎಂಜಿನ್ನಿಗೆ ವಾಡಿಕೆಗಿಂತ ಹೆಚ್ಚು ಗಾಳಿ, ಕಡಿಮೆ ಇಂಧನ ಕೊಟ್ಟು ಮೈಲೇಜ್ ಹೆಚ್ಚಿಸುವ ವಿಧಾನ. ಲೀನ್ ಬರ್ನ್ ಎಂದೂ ಹೆಸರುಂಟು. 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿಯ ಪಾಲು ಇದನ್ನು ಮೀರಿದಾಗ ಥ್ರಾಟಲ್ ಹೆಚ್ಚು ತೆರೆದಿರುತ್ತದೆ, ಗಾಳಿ ಎಳೆದುಕೊಳ್ಳಲು ಎಂಜಿನ್ ಪಡುವ ಶ್ರಮ ತಗ್ಗಿ ಇಂಧನ ಉಳಿಯುತ್ತದೆ. ಆದರೆ ತೀರಾ ತೆಳುವಾದ ಮಿಶ್ರಣಕ್ಕೆ ಬೆಂಕಿ ಹತ್ತುವುದು ಕಷ್ಟ: ಎಂಜಿನ್ ಮಿಸ್ಸಿಂಗ್ ಆಗುತ್ತದೆ, ಪಿಕಪ್ ಇಳಿಯುತ್ತದೆ.

ಈ ತೊಡಕನ್ನು ಸೊಗಸಾಗಿ ಬಿಡಿಸಿದ್ದು ಜಪಾನಿನ ಹೋಂಡಾ. 1972ರಲ್ಲಿ ಅದು ಪ್ರಕಟಿಸಿದ ಸಿವಿಸಿಸಿ ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಸ್ಪಾರ್ಕ್ ಪ್ಲಗ್ ಇರುವ ಪುಟ್ಟ ಕೋಣೆಯೊಂದಿದೆ. ಪ್ರತ್ಯೇಕ ವಾಲ್ವ್ ಮೂಲಕ ಅದಕ್ಕೆ ಗಟ್ಟಿ ಮಿಶ್ರಣ ಬರುತ್ತದೆ. ಅಲ್ಲಿ ಹೊತ್ತಿದ ಜ್ವಾಲೆ ಕಿರಿದಾದ ದ್ವಾರದಿಂದ ನುಗ್ಗಿ ಮುಖ್ಯ ಕೋಣೆಯ ತೆಳು ಮಿಶ್ರಣವನ್ನು ಉರಿಸುತ್ತದೆ. ಈ ಎಂಜಿನ್ನಿನ 1975ರ ಸಿವಿಕ್ ಕಾರು, ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದೆಯೇ ಅಮೆರಿಕದ ಹೊಗೆ ನಿಯಮ ಪಾಲಿಸಿದ್ದು ದೊಡ್ಡ ಸಾಧನೆಯೇ ಸರಿ.

ಮುಂದೆ ಬಂದ ತ್ರಿವಿಧ (ಥ್ರೀ-ವೇ) ಕ್ಯಾಟಲಿಟಿಕ್ ಕನ್ವರ್ಟರಿಗೆ 14.7ರ ಆಸುಪಾಸಿನ ಮಿಶ್ರಣವೇ ಬೇಕಾದ್ದರಿಂದ ಈ ವಿಧಾನ ಹಿಂದೆ ಸರಿಯಿತು. ಹಳೆಯ ಕಾರ್ಬ್ಯುರೇಟರ್ ಕಾರುಗಳಲ್ಲಿ ಮೈಲೇಜಿನ ಆಸೆಗೆ ಸಣ್ಣ ಜೆಟ್ ಹಾಕಿಸಿ ಮಿಶ್ರಣ ತೆಳುವಾಗಿಸಿದರೆ ಎಂಜಿನ್ ಕಾದು ವಾಲ್ವ್ ಸುಡುವ ಅಪಾಯವಿದೆ.