ಫಿಲ್ ಕೈ ಕಳೆದುಕೊಂಡದ್ದು ಎಲ್ಲಿ? ವಿಡಿಯೋ ಗೇಮ್ ಸರಣಿಗಳಲ್ಲಿ ಕಥೆಯ ಎಳೆ

ಗ್ರ್ಯಾಂಡ್ ಥೆಫ್ಟ್ ಆಟೋ ಸರಣಿಯ ಮೂರನೇ ಗೇಮ್ 2001ರ ಅಕ್ಟೋಬರಿನಲ್ಲಿ ಬಂದಾಗ, ಅದರ ಲಿಬರ್ಟಿ ಸಿಟಿಯ ನಡುದ್ವೀಪದಲ್ಲಿ ಫೋರ್ಟ್ ಸ್ಟಾಂಟನ್ ಎಂಬ ಜಾಗವಿತ್ತು. ಕಟ್ಟಡ ಕಾಮಗಾರಿ ಅರ್ಧಕ್ಕೆ ನಿಂತ ಬಯಲು, ಒಳಗೆ ಠಿಕಾಣಿ ಹೂಡಿದ ಕೊಲಂಬಿಯನ್ ಗ್ಯಾಂಗು. ಅಲ್ಲಿ ಮೊದಲು ಏನಿತ್ತು ಎಂದು ಕೇಳಬೇಕು ಅನ್ನಿಸುವಂಥ ಜಾಗವೇ ಅಲ್ಲ ಅದು. 2005ರಲ್ಲಿ ಲಿಬರ್ಟಿ ಸಿಟಿ ಸ್ಟೋರೀಸ್ ಬಂತು. ಅದರ ಕಥೆ ನಡೆಯುವುದು ಮೂರು ವರ್ಷ ಹಿಂದೆ, 1998ರಲ್ಲಿ. ಅಲ್ಲಿ ಅದೇ ಫೋರ್ಟ್ ಸ್ಟಾಂಟನ್ ಜನ ಓಡಾಡುವ ಇಟಾಲಿಯನ್ ಬಡಾವಣೆ. ಆಟ ಮುಂದುವರಿದಂತೆ ಡೊನಾಲ್ಡ್ ಲವ್ ಎಂಬ ಧನಿಕನ ಲಾಭಕ್ಕಾಗಿ ಆ ಬಡಾವಣೆಗೆ ಬಾಂಬಿಡುವ ಕೆಲಸ ಆಟಗಾರನ ಪಾಲಿಗೇ ಬರುತ್ತದೆ. ಹಳೆಯ ಗೇಮಿನಲ್ಲಿ ಬರೀ ಹಿನ್ನೆಲೆಯಾಗಿದ್ದ ಆ ಬಯಲು ಈಗ ನಮ್ಮ ಕೈಯಾರೆ ಆದ ಅನಾಹುತ. ಹಳೆಯ ಕಥೆಯ ಖಾಲಿ ಜಾಗವನ್ನು ಇಷ್ಟು ಸೊಗಸಾಗಿ ತುಂಬಿದ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ.

ನ್ಯೂಜೆರ್ಸಿಯ ಸಮರ್‌ಸೆಟ್‌ನಲ್ಲಿ ಕೂತು ಈ ವಿಷಯ ಬರೆಯುವುದಕ್ಕೆ ಕಾರಣವಿದೆ. ಗೇಮ್ ಕಥೆಗಳು ಎಲ್ಲಿ ಕಡಿಯುತ್ತವೆ, ಹೇಗೆ ಕೂಡಿಕೊಳ್ಳುತ್ತವೆ ಎಂಬ ಚರಿತ್ರೆಯ ದೊಡ್ಡ ಭಾಗ ನ್ಯೂಯಾರ್ಕ್-ನ್ಯೂಜೆರ್ಸಿಯ ಸುತ್ತಲೇ ನಡೆದಿದೆ. ಕೆಲವು ಗೇಮ್‌ಗಳು ಇಲ್ಲಿಂದ ಹೊರಟವು, ಕೆಲವಕ್ಕೆ ಈ ಊರುಗಳೇ ರಂಗಸ್ಥಳ.

ಶುರುವಿನ ದಿನಗಳಲ್ಲಿ ಈ ಸಮಸ್ಯೆಯೇ ಇರಲಿಲ್ಲ. 1981ರ ಡಾಂಕಿ ಕಾಂಗ್‌ನಲ್ಲಿ ಉಕ್ಕಿನ ಕಟ್ಟಡದ ನಾಲ್ಕು ಹಂತ ಹತ್ತಿ ಹುಡುಗಿಯನ್ನು ಬಿಡಿಸಿದರೆ ಕಥೆ ಮುಗಿಯಿತು. ಮರುವರ್ಷ ಅದನ್ನು ಅಟಾರಿ 2600ಕ್ಕೆ ಇಳಿಸಿದವರು ನ್ಯೂಜೆರ್ಸಿಯ ಗ್ಯಾರಿ ಕಿಚನ್. ನಾಲ್ಕರಲ್ಲಿ ಎರಡೇ ಹಂತ ಅದರಲ್ಲಿ ಉಳಿದವು. ಯಂತ್ರದ ನೆನಪಿಗೆ ಹಿಡಿಸಿದಷ್ಟೇ ಕಥೆ. ಯಾರೂ ಅದನ್ನು ಕಥೆಯ ಲೋಪ ಎನ್ನಲಿಲ್ಲ. ತಕರಾರು ಹುಟ್ಟಿದ್ದು ಸರಣಿ ಬೆಳೆದ ಮೇಲೆ. 1994ರ ಡಾಂಕಿ ಕಾಂಗ್ ಕಂಟ್ರಿಯಲ್ಲಿ ಕ್ರ್ಯಾಂಕಿ ಎಂಬ ಮುದಿ ವಾನರ ಬಂದು, ಹಳೆಯ ಆಟದ ಡಾಂಕಿ ಕಾಂಗ್ ನಾನೇ ಎಂದ. ಹಾಗಾದರೆ ಈಗಿನವನು ಅವನ ಮಗನೋ ಮೊಮ್ಮಗನೋ? ಎರಡೂ ಉತ್ತರಗಳು ಬೇರೆ ಬೇರೆ ಕಾಲಕ್ಕೆ ಬಂದಿವೆ. ಜೆಲ್ಡಾ ಸರಣಿಯ ಗಂಟು ಇನ್ನೂ ಬಿಗಿಯಾಗಿ, 2011ರಲ್ಲಿ ನಿಂಟೆಂಡೊ ಒಂದು ಪುಸ್ತಕವನ್ನೇ ಹೊರತಂದು ಕಾಲರೇಖೆಯನ್ನು ಮೂರು ಕವಲಾಗಿ ಸೀಳಿ ತೋರಿಸಬೇಕಾಯಿತು.

ಕನ್ನಡದ ಓದುಗರಿಗೆ ಇದು ಹೊಸತೇನಲ್ಲ. ಪಂಪ ಕ್ರಿ.ಶ. 941ರ ಸುಮಾರಿಗೆ ವಿಕ್ರಮಾರ್ಜುನ ವಿಜಯ ಬರೆದಾಗ, ಆಶ್ರಯ ಕೊಟ್ಟ ಅರಿಕೇಸರಿಯನ್ನು ಅರ್ಜುನನಲ್ಲಿ ಕಾಣಿಸಬೇಕಾಗಿತ್ತು. ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿ ಮಾಡಿದ. ಆದರೆ ಜೂಜು, ಸಭೆ, ಭೀಮನ ಪ್ರತಿಜ್ಞೆ ಹಾಗೇ ಉಳಿದವು. ತಮ್ಮನ ಹೆಂಡತಿಯನ್ನು ಧರ್ಮರಾಯ ಪಣಕ್ಕಿಟ್ಟದ್ದು ಯಾವ ಹಕ್ಕಿನಿಂದ ಎಂಬ ಪ್ರಶ್ನೆ ಅಲ್ಲಿಂದ ಏಳುತ್ತದೆ. ಮೂಲದ ಒಂದು ಎಳೆ ಬದಲಿಸಿದರೆ ಹತ್ತು ಎಳೆ ಅಲುಗುತ್ತವೆ. ಕೆಜಿಎಫ್ ಚಿತ್ರಗಳಲ್ಲೂ ಒಂದು ಎಳೆ ಬದಲಾಯಿತು: ಮೊದಲ ಭಾಗದಲ್ಲಿ ಕಥೆ ಹೇಳಿದ್ದು ಅನಂತನಾಗ್, ಎರಡನೆಯದರಲ್ಲಿ ಪ್ರಕಾಶ್ ರಾಜ್. ತಂದೆ ಕಾಯಿಲೆ ಬಿದ್ದ, ಮಗ ಮುಂದುವರಿಸಿದ ಎಂದು ಬದಲಾವಣೆಯನ್ನು ಕಥೆಯೊಳಗೇ ಸೇರಿಸಿದರು. ನೋಡುಗರು ಒಪ್ಪಿಕೊಂಡರು.

ಗೇಮ್‌ಗಳ ಮಟ್ಟಿಗೆ ನಿರ್ಣಾಯಕ ವರ್ಷ 2001. ಹಿಡಿಯೊ ಕೊಜಿಮಾರ ಮೆಟಲ್ ಗಿಯರ್ ಸಾಲಿಡ್ 2 ತೆರೆದುಕೊಳ್ಳುವುದೇ ನಮ್ಮ ಫೋರ್ಟ್ ಲೀಯನ್ನು ಮ್ಯಾನ್‌ಹಟನ್‌ಗೆ ಕೂಡಿಸುವ ಜಾರ್ಜ್ ವಾಷಿಂಗ್ಟನ್ ಸೇತುವೆಯ ಮೇಲೆ. ಸುರಿಯುವ ಮಳೆಯಲ್ಲಿ ನಾಯಕ ಸ್ನೇಕ್ ಸೇತುವೆಯಿಂದ ಕೆಳಗೆ ಸಾಗುವ ಹಡಗಿಗೆ ಧುಮುಕುತ್ತಾನೆ. ಕೊನೆಯಲ್ಲಿ ಆರ್ಸೆನಲ್ ಗಿಯರ್ ಎಂಬ ದೈತ್ಯ ಯಂತ್ರ ಮ್ಯಾನ್‌ಹಟನ್‌ಗೆ ಅಪ್ಪಳಿಸಿ ಕಟ್ಟಡಗಳನ್ನು ಉರುಳಿಸುವ ದೃಶ್ಯ ಇರಬೇಕಾಗಿತ್ತು. ಗೇಮ್ ಬಿಡುಗಡೆಯಾದದ್ದು ನವೆಂಬರಿನಲ್ಲಿ. ಸೆಪ್ಟೆಂಬರ್ 11 ಆಗಿಹೋಗಿತ್ತು. ಆ ದೃಶ್ಯವನ್ನು ಕಿತ್ತುಹಾಕಿದರು. ಹಾಗಾಗಿ ಈಗ ಆಡಿದರೆ ಯಂತ್ರದ ಮೇಲಿದ್ದ ಪಾತ್ರಗಳು ಮುಂದಿನ ಗಳಿಗೆಗೆ ವಾಲ್ ಸ್ಟ್ರೀಟಿನ ಫೆಡರಲ್ ಹಾಲ್ ಮಾಳಿಗೆಯ ಮೇಲಿರುತ್ತವೆ. ನಡುವೆ ಏನಾಯಿತು ಎಂದು ಕಣ್ಣಿಗೆ ಕಾಣುವುದೇ ಇಲ್ಲ. ಇದನ್ನು ಕಥೆಯ ಲೋಪಗಳ ಪಟ್ಟಿಗೆ ಸೇರಿಸುವವರಿದ್ದಾರೆ. ನನಗೆ ಆ ಪಟ್ಟಿ ಒಪ್ಪಿಗೆಯಿಲ್ಲ. ಸಾವಿರಾರು ಮನೆಗಳು ದುಃಖದಲ್ಲಿದ್ದಾಗ ಒಂದು ತಂಡ ತನ್ನ ಕಥೆಗಿಂತ ಊರಿನ ನೋವು ದೊಡ್ಡದೆಂದು ತಿಳಿಯಿತು. ಆ ಜಿಗಿತ ಹಾಗೇ ಇರಲಿ.

ಅದೇ ಸರಣಿಯ ನಾಲ್ಕನೆಯ ಭಾಗದ್ದು (2008) ಬೇರೆ ಮಾತು. ಎರಡನೆಯದರಲ್ಲಿ ಒಸೆಲಟ್ ಎಂಬವನಿಗೆ ಸತ್ತವನೊಬ್ಬನ ಕೈ ಕಸಿಮಾಡಿದ್ದಾರೆ; ಆ ಕೈಯ ಮೂಲಕ ಸತ್ತವನೇ ಇವನನ್ನು ಆವರಿಸುತ್ತಾನೆ. ಭೂತಕೋಲ ನೋಡಿ ಬೆಳೆದವರಿಗೆ ಇದಕ್ಕೆ ವಿವರಣೆಯೇ ಬೇಡ. ನಾಲ್ಕನೆಯದು ಅದನ್ನು ನ್ಯಾನೊಯಂತ್ರ, ಸ್ವಯಂ ಸಮ್ಮೋಹನ ಎಂದೆಲ್ಲ ಬಿಡಿಸಿ ಹೇಳಿ, ಇದ್ದ ನಡುಕವನ್ನೂ ಕಳೆಯಿತು.

ಈಗ ಗ್ರ್ಯಾಂಡ್ ಥೆಫ್ಟ್ ಆಟೋದ ಕಂಪನಿ ರಾಕ್‌ಸ್ಟಾರ್‌ಗೆ ಬರೋಣ. ಗೇಮಿನ ನಿರ್ಮಾಣ ಬಹುಪಾಲು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಾದರೂ ಕಂಪನಿಯ ಯಜಮಾನಿಕೆ ಮ್ಯಾನ್‌ಹಟನ್‌ನಲ್ಲಿ. 2001ರ ಗೇಮಿನಲ್ಲಿ ಫಿಲ್ ಎಂಬ ಒಂಟಿಕೈಯ ಬಂದೂಕು ವ್ಯಾಪಾರಿ ಇದ್ದಾನೆ. ಕೈ ಹೋದದ್ದು ನಿಕರಾಗುವಾ ಯುದ್ಧದಲ್ಲಿ ಎನ್ನುತ್ತಾನೆ. ಮರುವರ್ಷದ ವೈಸ್ ಸಿಟಿಯ ಕಥೆ 1986ರದ್ದು. ಅಲ್ಲಿ ಫಿಲ್‌ಗೆ ಎರಡೂ ಕೈ ಇವೆ. ಮನೆಯಲ್ಲೇ ಕಾಯಿಸಿದ ಕಳ್ಳಭಟ್ಟಿ ಸಿಡಿದು ಒಂದು ಹೋಗುತ್ತದೆ. ಅವನನ್ನು ಆಸ್ಪತ್ರೆಗೆ ಸಾಗಿಸಬೇಕಾದವರು ನಾವು. ಸಾರಾಯಿಯ ಹೊಗೆ ತಲೆಗೇರಿ ಪರದೆಯೆಲ್ಲ ತೂಗಾಡುತ್ತದೆ, ಕಾರು ಹಿಡಿದ ದಾರಿಗೆ ನಿಲ್ಲುವುದಿಲ್ಲ, ಪಕ್ಕದಲ್ಲಿ ಫಿಲ್ ಬಡಬಡಿಸುತ್ತಿರುತ್ತಾನೆ. ಆಸ್ಪತ್ರೆಗೆ ಹೋದರೆ ಅಲ್ಲಿ ಪೊಲೀಸರು. ಸೈನ್ಯದಲ್ಲಿದ್ದ ಡಾಕ್ಟರೊಬ್ಬರ ಬಳಿಗೆ ಓಡಬೇಕು. ಇಷ್ಟನ್ನು ಮಾಡಿಸಿದ ಮೇಲೆ, ನಿಕರಾಗುವಾದ ಮಾತು ತಪ್ಪಾಗಿ ಉಳಿಯುವುದಿಲ್ಲ. ಫಿಲ್ ಬಡಾಯಿಕೋರ, ಹದಿನೈದು ವರ್ಷದಿಂದ ಸುಳ್ಳು ಹೇಳಿಕೊಂಡೇ ಬಂದಿದ್ದಾನೆ ಎಂದಾಗುತ್ತದೆ. ಎರಡು ಗೇಮ್‌ಗಳ ನಡುವಿನ ವಿರೋಧವೇ ಪಾತ್ರದ ಸ್ವಭಾವವಾಯಿತು.

2008ರ ನಾಲ್ಕನೆಯ ಗೇಮ್‌ಗೆ ರಾಕ್‌ಸ್ಟಾರ್ ಹಳೆಯ ಕಥಾಲೋಕವನ್ನೇ ಕೈಬಿಟ್ಟು ಹೊಸದನ್ನು ಶುರುಮಾಡಿತು. ಊರಿನ ಹೆಸರು ಅದೇ ಲಿಬರ್ಟಿ ಸಿಟಿ, ನಕ್ಷೆ ಬೇರೆ. ಪಕ್ಕದಲ್ಲಿ ಆಲ್ಡರ್ನಿ ಎಂಬ ಹೆಸರಿನಲ್ಲಿ ನಮ್ಮ ನ್ಯೂಜೆರ್ಸಿ. ಮರುವರ್ಷ ಬಂದ ಎರಡು ಉಪಕಥೆಗಳು ಮೂಲ ಕಥೆಯ ಜೊತೆಗೇ ನಡೆಯುತ್ತವೆ. ವಸ್ತುಸಂಗ್ರಹಾಲಯದಲ್ಲಿ ಕೆಡುವ ಒಂದು ವಜ್ರದ ವ್ಯವಹಾರವನ್ನು ಮೂವರು ನಾಯಕರ ಕಣ್ಣಿನಿಂದ ಆಡಬಹುದು, ಎಲ್ಲೂ ಎಳೆ ತಪ್ಪುವುದಿಲ್ಲ. ಆ ಮೂವರಲ್ಲಿ ಜಾನಿ ಕ್ಲೆಬಿಟ್ಜ್ ಆಲ್ಡರ್ನಿಯ ಬೈಕ್ ಗ್ಯಾಂಗಿನವನು, ನಮ್ಮ ಕಡೆಯವನು. 2013ರ ಐದನೆಯ ಗೇಮ್‌ನಲ್ಲಿ ಅವನು ಕಾಣಿಸಿಕೊಳ್ಳುವುದು ಕೃಶನಾಗಿ, ಮಾದಕ ವ್ಯಸನಿಯಾಗಿ. ಹೊಸ ನಾಯಕ ಟ್ರೆವರ್ ಅವನನ್ನು ಮೊದಲ ದೃಶ್ಯದಲ್ಲೇ ತುಳಿದು ಕೊಲ್ಲುತ್ತಾನೆ. ಇಸವಿ, ಊರು, ಹೆಸರು ಎಲ್ಲ ಸರಿಯಾಗಿವೆ. ತಪ್ಪು ಹುಡುಕಲು ಹೊರಟರೆ ಒಂದೂ ಸಿಗದು. ಆದರೂ ಕಥೆ ಕಡಿದದ್ದು ಇಲ್ಲಿಯೇ. ಒಂದಿಡೀ ಗೇಮ್ ಜಾನಿಯಾಗಿ ಬದುಕಿದ ಆಟಗಾರನಿಗೆ, ಅವನು ಹೀಗೇಕಾದ ಎಂದು ಹೇಳುವಷ್ಟು ವ್ಯವಧಾನವೂ ತಂಡಕ್ಕಿರಲಿಲ್ಲ. ಸಿನಿಮಾದಲ್ಲಿ ನಾವು ನೋಡುತ್ತೇವೆ, ಗೇಮ್‌ನಲ್ಲಿ ನಾವೇ ಮಾಡುತ್ತೇವೆ. ಹೀಗಾಗಿ ಗೇಮ್‌ನ ಕಥೆಗಾರ ತಾರೀಖಿಗಿಂತ ಹೆಚ್ಚಾಗಿ ಆಟಗಾರ ಮಾಡಿದ ಕೆಲಸಕ್ಕೆ ಬದ್ಧನಾಗಿರಬೇಕು.

ಅದೇ ಕಂಪನಿ 2018ರ ರೆಡ್ ಡೆಡ್ ರಿಡೆಂಪ್ಶನ್ 2ರಲ್ಲಿ ಇದಕ್ಕೆ ಉಲ್ಟಾ ಮಾಡಿತು. 2010ರ ಮೊದಲ ಗೇಮ್ ನಡೆಯುವುದು 1911ರಲ್ಲಿ, ಎರಡನೆಯದು 1899ರಲ್ಲಿ. ಹಿಂದಿನ ಕಾಲದ ಈ ಕಥೆಯ ನಾಯಕ ಆರ್ಥರ್ ಮಾರ್ಗನ್. ಮೊದಲ ಗೇಮಿನ ನಾಯಕ ಜಾನ್ ಮಾರ್ಸ್‌ಟನ್‌ನನ್ನು ಬದುಕಿಸಿ ಕಳಿಸುವವನು. ಆದರೆ ಮೊದಲ ಗೇಮ್‌ನಲ್ಲಿ ಜಾನ್ ಒಮ್ಮೆಯೂ ಅವನ ಹೆಸರೆತ್ತುವುದಿಲ್ಲ. ಎತ್ತುವುದು ಹೇಗೆ, ಆಗ ಆರ್ಥರ್ ಹುಟ್ಟಿಯೇ ಇರಲಿಲ್ಲವಲ್ಲ! ಲೆಕ್ಕಕ್ಕೆ ಇದು ದೊಡ್ಡ ಲೋಪ. ಆಡಿದ ಮೇಲೆ ಹಳೆಯ ಗೇಮ್‌ಗೆ ಮರಳಿದರೆ, ಜಾನ್‌ನ ಮೌನ ತಾಳಲಾರದ ನೆನಪಿನಂತೆ ಕೇಳಿಸುತ್ತದೆ.

ಸಮರ್‌ಸೆಟ್‌ನಿಂದ 287 ಹೆದ್ದಾರಿ ಹಿಡಿದು ಅರ್ಧ ಗಂಟೆಯೊಳಗೆ ತಲುಪುವ ಎಡಿಸನ್‌ನ ರಾರಿಟನ್ ಸೆಂಟರ್‌ನಲ್ಲಿ ಮಜೆಸ್ಕೊ ಎಂಬ ಗೇಮ್ ಪ್ರಕಾಶನ ಸಂಸ್ಥೆಯಿತ್ತು. 2005ರಲ್ಲಿ ಅದು ಎರಡು ದೊಡ್ಡ ಪಣ ಹೂಡಿತು. ಆರ್ಸನ್ ಸ್ಕಾಟ್ ಕಾರ್ಡ್ ಬರವಣಿಗೆಯಲ್ಲಿ ಕೈಜೋಡಿಸಿದ್ದ ಅಡ್ವೆಂಟ್ ರೈಸಿಂಗ್ ಮೂರು ಭಾಗದ ಕಥೆಯ ಮೊದಲ ಭಾಗ. ಟಿಮ್ ಶೇಫರ್ ಅವರ ಸೈಕೋನಾಟ್ಸ್ ಮೈಕ್ರೋಸಾಫ್ಟ್ ಕೈಬಿಟ್ಟದ್ದು. ಎರಡೂ ಮಾರಾಟವಾಗಲಿಲ್ಲ, ಕಂಪನಿ ನಷ್ಟಕ್ಕೆ ಬಿತ್ತು, ಮುಂದೆ ಅಡುಗೆ ಮತ್ತು ಜುಂಬಾ ಗೇಮ್‌ಗಳಿಂದ ಚೇತರಿಸಿಕೊಂಡಿತು. ಅಡ್ವೆಂಟ್ ರೈಸಿಂಗ್‌ನ ಎರಡು, ಮೂರನೆಯ ಭಾಗ ಬರಲೇ ಇಲ್ಲ. ಕಥೆಗಾರನ ಅಜಾಗರೂಕತೆಗಿಂತ ಹೆಚ್ಚು ಕಥೆಗಳನ್ನು ನುಂಗಿದ್ದು ಮಾರುಕಟ್ಟೆ. ವಿಮರ್ಶಕರು ಇದನ್ನು ಸಾಕಷ್ಟು ಹೇಳಿಲ್ಲ.

ಸೈಕೋನಾಟ್ಸ್‌ಗೆ ಬೇರೆ ಗತಿ ಸಿಕ್ಕಿತು. ಮನಸ್ಸಿನೊಳಗೆ ಹೊಕ್ಕು ಕೆಲಸ ಮಾಡುವ ಗೂಢಚಾರರ ಮುಖ್ಯಸ್ಥ ಅಪಹರಣವಾಗಿದ್ದಾನೆ ಎಂಬ ಸುದ್ದಿ ಬಂದು, ಹುಡುಗ ರಾಜ್ ಜೆಟ್ ಹತ್ತುವಲ್ಲಿಗೆ ಮೊದಲ ಗೇಮ್ ನಿಂತಿತ್ತು. 2011ರಲ್ಲಿ ಹಕ್ಕುಗಳು ಶೇಫರ್ ಅವರ ಡಬಲ್ ಫೈನ್ ಕೈಗೆ ಬಂದವು. ಅಭಿಮಾನಿಗಳು ಚಂದಾ ಎತ್ತಿ 38 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟರು. 2017ರ ರಾಂಬಸ್ ಆಫ್ ರೂಯಿನ್ ಅದೇ ಜೆಟ್ಟಿನೊಳಗೆ ಶುರುವಾಗುತ್ತದೆ. 2021ರ ಸೈಕೋನಾಟ್ಸ್ 2 ಅಲ್ಲಿಂದ ಮುಂದಕ್ಕೆ. ನಮಗೆ ಹದಿನಾರು ವರ್ಷ, ರಾಜ್‌ಗೆ ಕೆಲವೇ ದಿನ. ಎಳೆ ಎಲ್ಲೂ ಹರಿದಿಲ್ಲ.

ಮನೆಯಲ್ಲಿ ಗೇಮ್ ಆಡುವ ಮಕ್ಕಳಿದ್ದು, ಈ ಕಲೆಯಲ್ಲಿ ಕಥೆ ಎಂದರೇನು ಎಂದು ತಿಳಿಯುವ ಆಸೆ ನಿಮಗಿದ್ದರೆ, ಸೈಕೋನಾಟ್ಸ್‌ನ ಎರಡೂ ಭಾಗಗಳನ್ನು ಅವರ ಜೊತೆ ಕೂತು ಕ್ರಮವಾಗಿ ಆಡಿ. ನಡುವಿನ ರಾಂಬಸ್ ಆಫ್ ರೂಯಿನ್‌ಗೆ ವಿಆರ್ ಕನ್ನಡಕ ಬೇಕು; ಅದಿಲ್ಲದಿದ್ದರೂ ಚಿಂತೆಯಿಲ್ಲ, ಎರಡನೆಯ ಭಾಗದ ಆರಂಭದಲ್ಲೇ ಹಿಂದಿನ ಕಥೆಯನ್ನು ಹೇಳಿದ್ದಾರೆ.