ಕಾಂಗ್ರೆಸ್ ಹುಲ್ಲಿನ ಆಗಮನವೂ ನಿವಾರಣೆಯೂ

ಮುಂಗಾರಿನ ಎರಡು ಮಳೆ ಬಿದ್ದೊಡನೆ ಕನ್ನಡನಾಡಿನ ಬಯಲುಸೀಮೆಯ ಹಿತ್ತಿಲುಗಳಲ್ಲಿಯೂ ರಸ್ತೆಯ ಅಂಚುಗಳಲ್ಲಿಯೂ ಬೀಳುಬಿದ್ದ ನೆಲಗಳಲ್ಲಿಯೂ ತಲೆಯೆತ್ತುವ ಬಿಳಿಹೂವಿನ ಗಿಡವೊಂದನ್ನು ಕಾಣದವರು ವಿರಳ. ಜನರು ಇದನ್ನು ಕಾಂಗ್ರೆಸ್ ಹುಲ್ಲು ಎನ್ನುತ್ತಾರೆ. ಸಸ್ಯಶಾಸ್ತ್ರಜ್ಞರು ಪಾರ್ಥೇನಿಯಂ ಹಿಸ್ಟೆರೊಫೋರಸ್ ಎನ್ನುತ್ತಾರೆ. ಹೆಸರಿನಲ್ಲಿ ಹುಲ್ಲೆಂದಿದ್ದರೂ ಇದು ಹುಲ್ಲಿನ ವರ್ಗಕ್ಕೆ ಸೇರಿದುದಲ್ಲ. ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದುದು. ಅಮೆರಿಕದ ಗೋಧಿಯೊಡನೆ ಇದು ನಮ್ಮ ದೇಶಕ್ಕೆ ಬಂದಿತೆಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಆ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆ, ನೆಲೆಯೂರಿದ ಗಿಡವನ್ನು ನಮ್ಮ ನಾಡು ಹೇಗೆ ಎದುರಿಸಿತು, ಆ ಅನುಭವದಿಂದ ಹಿತ್ತಿಲುಳ್ಳವರು ಕಲಿಯತಕ್ಕುದೇನು ಎಂಬ ಮೂರು ವಿಷಯಗಳನ್ನು ಇಲ್ಲಿ ವಿಚಾರಮಾಡೋಣ.

ಈ ಗಿಡದ ತವರು ಮೆಕ್ಸಿಕೋ ಕೊಲ್ಲಿಯ ಸುತ್ತಣ ಅಮೆರಿಕದ ಉಷ್ಣಪ್ರದೇಶ. ಲಿನೇಯಸನು 1753ರಲ್ಲಿ ಇದಕ್ಕೆ ಶಾಸ್ತ್ರೀಯ ನಾಮವನ್ನು ಕೊಟ್ಟನು. ಭಾರತದಲ್ಲಿ ಇದರ ಹೆಸರು 1814ರಷ್ಟು ಹಿಂದೆಯೇ ದೊರೆಯುತ್ತದೆ: ಕಲ್ಕತ್ತೆಯ ಕಂಪನಿ ಸರಕಾರದ ಸಸ್ಯೋದ್ಯಾನದ ಗಿಡಗಳನ್ನು ಕುರಿತು ರಾಕ್ಸ್‌ಬರೋ ಸಿದ್ಧಪಡಿಸಿದ ‘ಹಾರ್ಟಸ್ ಬೆಂಗಾಲೆನ್ಸಿಸ್’ ಎಂಬ ಪಟ್ಟಿಯಲ್ಲಿ ಇದು ಸೇರಿದೆ. ಆದರೆ ಉದ್ಯಾನದ ಪಟ್ಟಿಯಲ್ಲಿ ಹೆಸರಿರುವುದು ಬೇರೆ, ನಾಡಿನಲ್ಲಿ ಕಳೆಯಾಗಿ ಹಬ್ಬುವುದು ಬೇರೆ. ಹಬ್ಬುವ ಕಳೆಯಾಗಿ ಇದನ್ನು ಗುರುತಿಸಿದುದು ಪುಣೆಯಲ್ಲಿ. ಅಲ್ಲಿ 1955ರಲ್ಲಿ ಕಂಡ ಗಿಡಗಳನ್ನು ಆರ್. ಎಸ್. ರಾವ್ ಅವರು 1956ರಲ್ಲಿ ಮುಂಬಯಿಯ ನಿಸರ್ಗೇತಿಹಾಸ ಸಂಘದ ಪತ್ರಿಕೆಯಲ್ಲಿ ಭಾರತಕ್ಕೆ ಹೊಸದೆಂದು ವರ್ಣಿಸಿದರು. ಒಂದೂವರೆ ಶತಮಾನದ ಹಿಂದಿನ ಉಲ್ಲೇಖವು ಆಗ ಯಾರ ನೆನಪಿನಲ್ಲಿಯೂ ಇದ್ದಂತೆ ತೋರುವುದಿಲ್ಲ.

ಇನ್ನು ಗೋಧಿಯ ವಿಷಯ. ಅಮೆರಿಕದ 480ನೆಯ ಸಾರ್ವಜನಿಕ ಕಾನೂನು 1954ರಲ್ಲಿ ಹುಟ್ಟಿತು. ಅದರ ಮೇರೆಗೆ ಭಾರತವು ಮೊದಲ ಒಪ್ಪಂದವನ್ನು ಮಾಡಿಕೊಂಡುದು 1956ರ ಆಗಸ್ಟ್ ತಿಂಗಳಲ್ಲಿ. 1955ರಲ್ಲಿಯೇ ಪುಣೆಯಲ್ಲಿ ಕಂಡ ಗಿಡವನ್ನು 1956ರ ಒಪ್ಪಂದದ ಗೋಧಿಯು ತಂದಿತೆನ್ನುವುದು ಕಾಲಗಣನೆಗೆ ಹೊಂದುವುದಿಲ್ಲ. ಆದರೂ ಜನರ ಮಾತನ್ನು ಪೂರ್ತಿಯಾಗಿ ತಳ್ಳಿಹಾಕಲಾಗದು. ಅಮೆರಿಕವು 1951ರಲ್ಲಿಯೇ ಪ್ರತ್ಯೇಕವಾದೊಂದು ಕಾನೂನಿನಿಂದ 19 ಕೋಟಿ ಡಾಲರುಗಳ ಸಾಲವನ್ನು ಕೊಟ್ಟು ಭಾರತಕ್ಕೆ ಧಾನ್ಯವನ್ನು ಒದಗಿಸಿತ್ತು. ಧಾನ್ಯದೊಡನೆ ಬೀಜವು ಬಂದುದಾದರೆ ಆ ಮೊದಲಿನ ಸಾಗಣೆಯಲ್ಲಿಯೇ ಬಂದಿರಬೇಕು. ಮುಂದಿನ ಸಾಗಣೆಗಳು ಅದಕ್ಕೆ ಕೂಡಿಕೊಂಡಿರಬಹುದು. ಇದು ಸಂಭವನೀಯವಾದ ಊಹೆಯೇ ಹೊರತು ಸಿದ್ಧವಾದ ಸಂಗತಿಯಲ್ಲ.

ಹೆಸರಿನ ವಿಷಯದಲ್ಲಿಯೂ ಎರಡು ವಿವರಣೆಗಳುಂಟು. ಬಿಳಿಯ ಹೂವು ಕಾಂಗ್ರೆಸ್ಸಿನವರ ಟೋಪಿಯನ್ನು ಹೋಲುವುದರಿಂದ ಈ ಹೆಸರೆಂದು ಕೆಲವರೂ, ಗೋಧಿಯು ಬಂದಾಗ ಆ ಪಕ್ಷದ ಸರಕಾರವಿದ್ದುದರಿಂದ ಎಂದು ಕೆಲವರೂ ಹೇಳುವರು. ಹೇಗೇ ಇರಲಿ, ನಮ್ಮ ಹೆಸರು ಗಿಡದ ರೂಪವನ್ನು ಸೂಚಿಸುವುದಿಲ್ಲ. ಮರಾಠಿಗರು ಇದನ್ನು ‘ಗಾಜರ ಗವತ’, ಅಂದರೆ ಗಜ್ಜರಿ ಹುಲ್ಲು, ಎನ್ನುತ್ತಾರೆ. ಗುರುತಿಸುವವನಿಗೆ ಈ ಹೆಸರೇ ಹೆಚ್ಚು ಉಪಕಾರಿ. ಏಕೆಂದರೆ ಎಲೆಯು ಗಜ್ಜರಿಯ ಎಲೆಯಂತೆ ಆಳವಾಗಿ ಸೀಳಿರುತ್ತದೆ.

ಮೊದಲಲ್ಲಿ ಎಲೆಗಳು ನೆಲಕ್ಕೆ ಒತ್ತಿಕೊಂಡು ಚಕ್ರಾಕಾರವಾಗಿ ಹರಡುತ್ತವೆ. ಅನಂತರ ಉದ್ದನೆಯ ಗೀರುಗಳುಳ್ಳ, ರೋಮಭರಿತವಾದ ಕಾಂಡವು ಮೇಲೆದ್ದು ಬಹುವಾಗಿ ಕವಲೊಡೆದು, ಒಂದು ಮೀಟರಿಗಿಂತಲೂ ಎತ್ತರಕ್ಕೆ ಬೆಳೆಯಬಹುದು. ಕವಲುಗಳ ತುದಿಯಲ್ಲಿ ಸುಮಾರು 4 ಮಿಲಿಮೀಟರು ಅಗಲದ ಬಿಳಿಯ ಹೂಗೊಂಚಲುಗಳಿರುತ್ತವೆ. ಪ್ರತಿಯೊಂದರ ಅಂಚಿನಲ್ಲಿಯೂ ಸಾಮಾನ್ಯವಾಗಿ ಐದು ಕಿರುದಳಗಳು ಕಾಣುತ್ತವೆ. ಎಳೆಯ ಗಿಡವನ್ನು ಮಾಚಿಪತ್ರೆಯೆಂದು ಭ್ರಮಿಸುವುದುಂಟು. ಮಾಚಿಪತ್ರೆಯ ಎಲೆಯ ಕೆಳಮೈ ಬೂದಿಬಿಳುಪಾಗಿರುವುದು, ಹಿಸುಕಿದರೆ ಸುವಾಸನೆ ಬರುವುದು. ಕಾಂಗ್ರೆಸ್ ಹುಲ್ಲಿನಲ್ಲಿ ಆ ಬಿಳುಪಿಲ್ಲ. ಆದರೆ ಸಂಶಯವಿರುವ ಗಿಡವನ್ನು ಬರಿಗೈಯಿಂದ ಹಿಸುಕಿ ಪರೀಕ್ಷಿಸುವುದು ತರವಲ್ಲ.

ಗಿಡದ ರೋಮಗಳಲ್ಲಿರುವ ಪಾರ್ಥೆನಿನ್ ಎಂಬ ವಸ್ತುವೇ ಮುಖ್ಯವಾದ ವಿಷ. ಇದು ತಗುಲಿದವರಲ್ಲಿ ಕೆಲವರಿಗೆ ಮುಖ, ಕತ್ತು, ಮೊಣಕೈ ಸಂದುಗಳಲ್ಲಿ ತುರಿಕೆಯೂ ಉರಿಯೂತವೂ ಉಂಟಾಗುತ್ತವೆ. ಒಮ್ಮೆ ಮೈಗೆ ಹತ್ತಿದ ಈ ಅಸಹಿಷ್ಣುತೆಯು ವರ್ಷಗಟ್ಟಲೆ ಬಿಡದೆ, ಒಣಗಿದ ಗಿಡದ ಧೂಳು ಗಾಳಿಯಲ್ಲಿ ಸೋಕಿದರೂ ಮರುಕಳಿಸುವುದು. ಪುಣೆಯ ಇಂಥ ರೋಗಿಗಳ ವಿಷಯವನ್ನು ವೈದ್ಯರು 1974ರಲ್ಲಿ ಪ್ರಕಟಿಸಿದರು. ಮೇವಿನಲ್ಲಿ ಇದನ್ನು ಬೆರೆಸಿ ದನ, ಎಮ್ಮೆಗಳ ಮೇಲೆ ನಡೆಸಿದ ಪರೀಕ್ಷೆಗಳ ಫಲವು 1977ರಲ್ಲಿ ಬೆಳಕಿಗೆ ಬಂದು, ಪ್ರಾಣಿಗಳಿಗೂ ಇದು ಮಾರಕವಾಗಬಲ್ಲುದೆಂದು ತೋರಿಸಿತು.

ಆ ವೇಳೆಗೆ ನಮ್ಮ ಸರಕಾರವೂ ಎಚ್ಚತ್ತಿತ್ತು. 1968ರ ಕರ್ನಾಟಕ ಕೃಷಿ ಪೀಡೆ ಮತ್ತು ರೋಗಗಳ ಕಾನೂನಿನ ಮೇರೆಗೆ 1975ರಲ್ಲಿ ಇದನ್ನು ಹಾನಿಕಾರಕ ಕಳೆಯೆಂದು ಘೋಷಿಸಲಾಯಿತು. ಆದರೆ ಒಂದು ಗಿಡವು ಹದಿನೈದು ಸಾವಿರಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲುದಾಗಿ, ಆ ಬೀಜಗಳು ನೀರಿನೊಡನೆಯೂ ಬಂಡಿಯ ಗಾಲಿಗಂಟಿದ ಕೆಸರಿನೊಡನೆಯೂ ಸಾಗುತ್ತವೆ. ಒಬ್ಬನು ಕಿತ್ತು ನೆರೆಯವನು ಬಿಟ್ಟರೆ ಕಿತ್ತ ಶ್ರಮವು ವ್ಯರ್ಥವೇ ಸರಿ. ಕಾನೂನಿನಿಂದ ಗಿಡವು ಅಳಿಯಲಿಲ್ಲ. ಬಳಿಕ ಮೆಕ್ಸಿಕೋದಿಂದ ಜೈಗೋಗ್ರಾಮ ಬೈಕಲರೇಟ ಎಂಬ ಎಲೆತಿನ್ನುವ ಜೀರುಂಡೆಯನ್ನು ತರಿಸಿ, ಪರೀಕ್ಷೆಗಳಾದ ಮೇಲೆ 1984ರಲ್ಲಿ ಬೆಂಗಳೂರಿನಲ್ಲಿ ಬಯಲಿಗೆ ಬಿಡಲಾಯಿತು. ಕೆಲವು ವರ್ಷಗಳಲ್ಲಿ ಅದು ನೆಲೆಯೂರಿ ಮಳೆಗಾಲದಲ್ಲಿ ಗಿಡಗಳನ್ನು ಬೋಳುಮಾಡತೊಡಗಿತು. ಅದು ಸೂರ್ಯಕಾಂತಿಯ ಮೇಲೂ ಕಂಡುಬಂದಾಗ ರೈತರಲ್ಲಿ ಭಯ ಹುಟ್ಟಿ, ಅದರ ವಿಚಾರಣೆಗೆ ಸಮಿತಿಯೇ ಬೇಕಾಯಿತು. ಬೇಸಗೆಯಲ್ಲಿ ಈ ಹುಳುವು ಮಣ್ಣಿನೊಳಗೆ ಸುಪ್ತವಾಗಿರುವುದರಿಂದ ಅದೊಂದನ್ನೇ ನಂಬಲಾಗದು. ಕ್ಯಾಸಿಯಾ ಸೆರಿಸಿಯಾ ಎಂಬ ತಗಚೆಯ ಬಂಧುವನ್ನು ಬಿತ್ತಿ ಇದನ್ನು ಅದುಮುವ ಪ್ರಯತ್ನವೂ ನಮ್ಮ ನಾಡಿನಲ್ಲಿ ನಡೆದಿದೆ. ಅದೂ ಅಮೆರಿಕದಿಂದ ಬಂದ ಗಿಡವೇ ಎಂಬುದು ಗಮನಾರ್ಹ. 1997ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಈ ಒಂದು ಕಳೆಯ ವಿಷಯವಾಗಿಯೇ ಅಂತರರಾಷ್ಟ್ರೀಯ ಸಮ್ಮೇಳನವು ಸೇರಿತು.

ಇಷ್ಟು ಚರಿತ್ರೆಯಿಂದ ಹೊರಡುವ ಬೋಧೆಯು ಸರಳವಾದುದು: ಹೂ ಬಿಡುವ ಮುನ್ನ ಗುರುತಿಸಿದವನಿಗೆ ಇದು ಒಂದು ಗಳಿಗೆಯ ಕೆಲಸ, ಬಿಟ್ಟ ಮೇಲೆ ವರ್ಷಗಳ ಕೆಲಸ. ಮೊಳೆತ ಸುಮಾರು ಒಂದು ತಿಂಗಳಲ್ಲಿಯೇ ಹೂ ಕಾಣುವುದರಿಂದ, ಮಳೆಯಿಂದ ನೆಲವು ಮೆತ್ತಗಿರುವಾಗ ಬೇರುಸಹಿತ ಕೀಳಬೇಕು. ಮೇಲಿನಿಂದ ಕತ್ತರಿಸಿದರೆ ಬುಡವು ಮತ್ತೆ ಚಿಗುರುವುದು. ಕೈಚೀಲ, ತುಂಬುತೋಳಿನ ಅಂಗಿ, ಮೂಗುಬಾಯಿಗಳಿಗೆ ಬಟ್ಟೆ ಇವು ಅವಶ್ಯಕ. ಕೆಲಸವಾದ ಮೇಲೆ ಸಾಬೂನಿನಿಂದ ಮೈ ತೊಳೆದು ಉಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಹೂವಿಲ್ಲದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂವಾದುದನ್ನು ಅಲುಗಿಸದೆ ಚೀಲದಲ್ಲಿ ಕಟ್ಟಿಡಬೇಕು, ಗೊಬ್ಬರಕ್ಕೆ ಸೇರಿಸಕೂಡದು. ತೆರವಾದ ನೆಲವನ್ನು ಬರಿದಾಗಿ ಬಿಡದೆ ಬೇರೆ ಬೆಳೆಯಿಂದ ಮುಚ್ಚಬೇಕು. ಮಣ್ಣಿನಲ್ಲುಳಿದ ಬೀಜಗಳು ಹಲವು ವರ್ಷ ಮೊಳೆಯುವುದರಿಂದ ಪ್ರತಿ ಮಳೆಯ ಅನಂತರವೂ ಮತ್ತೆ ನೋಡಬೇಕು.

ಕಡೆಗೆ ಒಂದು ಮಾತು. ನಮ್ಮಲ್ಲಿ ಈ ಗಿಡವನ್ನು ಕೀಳುವವರು ಬಹುಮಟ್ಟಿಗೆ ಹಿತ್ತಿಲಿನ ಒಡೆಯರಲ್ಲ. ಕೂಲಿಗೆ ಬರುವ ಹೆಂಗಸರೂ ಬೀದಿಯ ಕೆಲಸಗಾರರೂ ಬರಿಗೈಯಲ್ಲಿ ಕೀಳುತ್ತಾರೆ. ಗಿಡವು ಯಾವ ಹಡಗಿನಲ್ಲಿ ಬಂದಿತೆಂಬ ಪ್ರಶ್ನೆಯು ಇತ್ಯರ್ಥವಾಗುವವರೆಗೆ ಕಾಯದೆ, ಅದನ್ನು ಕೀಳಿಸುವವರು ಕೀಳುವವರಿಗೆ ಒಂದು ಜೊತೆ ಕೈಚೀಲವನ್ನು ಮೊದಲು ಒದಗಿಸುವುದು ನ್ಯಾಯ.