ಅರ್ಜಿ ಬರೆಯುವವರು ನಗಬಹುದೇ?

ಕುಂದಾಪುರ ಸೀಮೆಯ ಗುಲ್ವಾಡಿ ಅಂದರೆ ಸಾಹಿತ್ಯದ ಮೇಷ್ಟ್ರುಗಳಿಗೆ ತಟ್ಟನೆ ನೆನಪಾಗುವವರು ಗುಲ್ವಾಡಿ ವೆಂಕಟರಾಯರು. ಪೊಲೀಸ್ ಇಲಾಖೆಯಲ್ಲಿದ್ದವರು. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸು ಅಚ್ಚು ಹಾಕಿದ ಅವರ 'ಇಂದಿರಾಬಾಯಿ' ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅನ್ನಿಸಿಕೊಂಡಿತು. ಅದಕ್ಕೆ ಇನ್ನೊಂದು ಹೆಸರೂ ಉಂಟು: 'ಸದ್ಧರ್ಮ ವಿಜಯ'. ಹೊರಗೆ ಇಷ್ಟು ಗಂಭೀರ. ಒಳಗೆ ಹೋದರೆ, ಭಜನೆಯ ಮರೆಯಲ್ಲಿ ಎಳೆ ವಿಧವೆಯರ ಮೇಲೆ ಕಣ್ಣು ಹಾಕುವ ಸಂತಮಂಡಲಿಯವರನ್ನೂ ಲಂಚದ ದುಡ್ಡಲ್ಲಿ ದೊಡ್ಡವರಾದವರನ್ನೂ ನೋಡಿ ರಾಯರು ಚೆನ್ನಾಗಿ ನಗಾಡಿದ್ದಾರೆ. ಇಂದಿರೆ ಮನೆ ಬಿಟ್ಟು ಶಾಲೆಗೆ ಹೋಗುತ್ತಾಳೆ, ಮರುಮದುವೆಯಾಗುತ್ತಾಳೆ. ನಗುವೂ ನೀತಿಯೂ ಒಂದೇ ಎಲೆಯಲ್ಲಿ.

ರಾಯರು ನಕ್ಕದ್ದು ತಮ್ಮ ಜಾತಿಯವರನ್ನೇ ನೋಡಿ. ಅದಕ್ಕೆ ಎದೆ ಬೇಕು, ಒಪ್ಪೋಣ. ಆದರೆ ಆ ಎದೆಗಾರಿಕೆಗೆ ಕಾಲೂರಲು ನೆಲವಿತ್ತು. ಅಕ್ಷರವಿತ್ತು, ಹುದ್ದೆಯಿತ್ತು, ಮೇಲ್ಜಾತಿಯಿತ್ತು.

ಈ ಹಳೇ ಕತೆ ಈಗ ಯಾಕಪ್ಪಾ ಅಂದರೆ, ಕೆಲವು ದೊಡ್ಡ ಕಾಲೇಜುಗಳು, ಅದರಲ್ಲೂ ಹೊರದೇಶದವು, ಅಂಕಪಟ್ಟಿಯ ಜೊತೆ 'ನಿಮ್ಮ ಬಗ್ಗೆ ಬರೆಯಿರಿ' ಅಂತ ಪ್ರಬಂಧ ಕೇಳುತ್ತವೆ. ನಗಿಸಬೇಕೋ, ಭಾರವಾಗಿ ಬರೆಯಬೇಕೋ? ಬುದ್ಧಿ ಹೇಳುವವರು ಪೇಟೆಯ ಹುಡುಗನಿಗೆ 'ಸ್ವಲ್ಪ ತಮಾಷೆ ಇರಲಿ' ಅನ್ನುತ್ತಾರೆ. ಕೇರಿಯ ಹುಡುಗಿಗೆ 'ನಿನ್ನ ಕಷ್ಟ ಬರಿ' ಅನ್ನುತ್ತಾರೆ. ನಗು ಅವರಿಗೆ, ಕಣ್ಣೀರು ನಮಗೆ! ಈ ಹಂಚಿಕೆ ಮಾಡಿದವರು ಯಾರು?

ಬರೀ ನ್ಯಾಯವನ್ನೇ ನಂಬಿಕೊಂಡ ಅರ್ಜಿಯ ಗತಿ ನಮ್ಮ ಚರಿತ್ರೆಯಲ್ಲಿದೆ. 1856ರ ಜೂನ್‌ನಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ಅದು ಮುಂಬಯಿ ಸರ್ಕಾರದ ತನಕ ಹೋಯಿತು. ಜುಲೈನಲ್ಲಿ ಠರಾವು ಬಂತು. ನ್ಯಾಯ ಹುಡುಗನ ಕಡೆಗೇ ಇದೆ ಅಂತ ಸರ್ಕಾರ ಒಪ್ಪಿತು. ಒಪ್ಪಿ, ಇವನೊಬ್ಬನನ್ನು ಸೇರಿಸಿದರೆ ಉಳಿದವರಿಗೆ ಶಾಲೆಯೇ ಇಲ್ಲದಂತಾದೀತು ಅಂತ ಬಾಗಿಲು ಹಾಕಿತು. ನ್ಯಾಯ ಇವನಿಗೆ, ಬೆಂಚು ಬೇರೆಯವರಿಗೆ. 1858ರಲ್ಲಿ ಕಂಪನಿಯ ನಿರ್ದೇಶಕರು, ಸರ್ಕಾರದ ಶಾಲೆಗಳು ಎಲ್ಲ ಜಾತಿಗೂ ತೆರೆದಿರಬೇಕು ಅಂತ ಬರೆದರು. ಆಮೇಲೂ ಎಷ್ಟೋ ಕಾಲ ನಮ್ಮ ಮಕ್ಕಳು ಜಗಲಿಯಲ್ಲೇ ಕೂತರು.

ಹಾಗಂತ ನಗು ನಮ್ಮದಲ್ಲವೇ? ಸಿದ್ಧಲಿಂಗಯ್ಯನವರನ್ನು ನೋಡಿ. 1975ರ 'ಹೊಲೆಮಾದಿಗರ ಹಾಡು' ಕೆಂಡ. ಅದೇ ಕವಿ ಆತ್ಮಕತೆ 'ಊರುಕೇರಿ' ಬರೆದಾಗ ಬಡತನದ ನಡುವೆಯೇ ನಗೆಯುಕ್ಕಿತು. ಕನಿಕರ ತೋರಿಸಲು ಬಂದ ಓದುಗನಿಗೆ ಅಲ್ಲಿ ಕೂರಲು ಜಾಗವಿಲ್ಲ.

ಅರ್ಜಿ ಬರೆಯುವ ತಂಗೀ, ಹಾಸ್ಟೆಲಿನ ನೀರುಸಾರಿನ ಮೇಲೆ ಬೇಕಾದಷ್ಟು ನಗು. ಜಾತಿ ಸರ್ಟಿಫಿಕೇಟಿಗೆ ಅಪ್ಪ ತಾಲ್ಲೂಕು ಕಚೇರಿಗೆ ಎಷ್ಟು ಸಲ ಅಲೆದ, ಎಷ್ಟು ಕೂಲಿ ಕಳಕೊಂಡ, ಪ್ರತಿ ಸಲ ಗುಮಾಸ್ತ ಏನು ನೆಪ ಹೇಳಿದ ಅನ್ನೋದನ್ನು ಲೆಕ್ಕ ಸಮೇತ ಬರಿ. ಗುಮಾಸ್ತನನ್ನು ನೋಡಿ ನಗು, ಅಪ್ಪನನ್ನಲ್ಲ.